ಚೊಗರಿನಿಂದ ಕಾವಿಯವರೆಗೆ: ಕಲಾ ಕೌಶಲವಿರುವವರಿಗೆ ಪರಿಸರಕ್ಕೆ ಹೊರೆಯಾಗದ ದುಡಿಮೆ

ಅಡಿಕೆ ಕೊಯ್ಲು ಶುರುವಾಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮನೆಗಳ ಅಂಗಳದಲ್ಲಿ ದೊಡ್ಡ ಹಂಡೆಗಳು ಒಲೆ ಏರುತ್ತವೆ. ಸುಲಿದ ಹಸಿ ಅಡಿಕೆಯನ್ನು ಬೇಯಿಸಿ ತೆಗೆದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಗಂದು ರಸಕ್ಕೆ ಚೊಗರು ಎನ್ನುತ್ತೇವೆ. ಮುಂದಿನ ಸಲದ ಅಡಿಕೆ ಬೇಯಿಸುವಾಗ ಅದನ್ನೇ ಮತ್ತೆ ಸೇರಿಸುವುದುಂಟು, ಅಡಿಕೆಗೆ ಬಣ್ಣ ಬರಲೆಂದು ಸವರುವುದೂ ಉಂಟು. ಅಂಗಿಯ ಮೇಲೆ ಒಂದು ಹನಿ ಬಿದ್ದರೆ ಆ ಕಲೆ ಎಷ್ಟು ಒಗೆದರೂ ಹೋಗುವುದಿಲ್ಲ ಎಂಬುದು ತೋಟಿಗರ ಮನೆಯ ಮಕ್ಕಳಿಗೆಲ್ಲ ಗೊತ್ತು. ಹೋಗದ ಆ ಕಲೆಯೇ ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೂರಾರು ಮೀಟರ್ ಕೈಮಗ್ಗದ ಬಟ್ಟೆಯ ಬಣ್ಣವಾಗುತ್ತದೆ. ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಬೆಳೆದ ‘ಚರಕ’ ಮಹಿಳಾ ಸಹಕಾರಿ ಸಂಘವು ನೈಸರ್ಗಿಕ ಬಣ್ಣಗಳ ಪೈಕಿ ಚೊಗರನ್ನೂ ಬಳಸಿ ಬಟ್ಟೆ ತಯಾರಿಸುತ್ತದೆ.

ಕುಮಟಾದಲ್ಲಿ ಕುಳಿತು ಚಿತ್ರ ಮತ್ತು ವಿನ್ಯಾಸದ ಕೆಲಸ ಮಾಡುವ ನನ್ನ ಬಳಿ ಈ ಭಾಗದ ಹುಡುಗ ಹುಡುಗಿಯರು ಮತ್ತೆ ಮತ್ತೆ ತರುವ ಪ್ರಶ್ನೆ ಒಂದೇ. ಚಿತ್ರ ಬರೆಯಲು, ಹೊಲಿಯಲು, ಕೆತ್ತಲು, ಬರೆದು ಹೇಳಲು ಬರುತ್ತದೆ. ಕಾಡು, ಹೊಳೆ, ಕಡಲು ಹಾಳಾಗದಂತಹ ಕೆಲಸ ಮಾಡಬೇಕೆಂಬ ಆಸೆಯೂ ಇದೆ. ಇವೆರಡನ್ನೂ ಸೇರಿಸಿ ಹೊಟ್ಟೆ ಹೊರೆಯಲು ಸಾಧ್ಯವೇ? ಪರಿಸರದ ಉದ್ಯೋಗವೆಂದರೆ ಅರಣ್ಯ ಇಲಾಖೆ, ಸೌರಫಲಕ, ವಿಜ್ಞಾನದ ಪದವಿ ಎಂಬ ಕಲ್ಪನೆ ಎಷ್ಟು ಬಲವಾಗಿದೆಯೆಂದರೆ, ಕುಂಚ ಹಿಡಿದವರು ತಮ್ಮನ್ನು ಆ ಪಟ್ಟಿಯಲ್ಲಿ ಎಣಿಸಿಕೊಳ್ಳುವುದೇ ಇಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ‘ಹಸಿರು ಉದ್ಯೋಗ’ಕ್ಕೆ ಕೊಡುವ ವಿವರಣೆಯಲ್ಲಿ ಎರಡು ಅಂಶಗಳಿವೆ. ಆ ಕೆಲಸ ಪರಿಸರವನ್ನು ಉಳಿಸಲು ಅಥವಾ ಮರಳಿ ಸರಿಪಡಿಸಲು ನೆರವಾಗಬೇಕು. ಜೊತೆಗೆ ಅದು ಮಾಡುವವರಿಗೆ ಗೌರವದ ದುಡಿಮೆಯಾಗಿರಬೇಕು. ಎರಡನೆಯ ಅಂಶವನ್ನು ನಾವು ಸುಲಭವಾಗಿ ಮರೆಯುತ್ತೇವೆ. ಕೂಲಿ ಗಿಟ್ಟದ ಕರಕುಶಲ ಕೆಲಸವನ್ನು ಪರಿಸರಸ್ನೇಹಿ ಎಂದು ಹೊಗಳಿ ಮುಂದೆ ಹೋಗುವುದು ಈ ವಿವರಣೆಗೆ ಸಲ್ಲುವುದಿಲ್ಲ. ಆದ್ದರಿಂದ ಯಾವ ಕಲಾ ವೃತ್ತಿಯನ್ನು ಪರಿಶೀಲಿಸುವಾಗಲೂ ನಾನು ಕೇಳುವುದು ಇಷ್ಟು: ಸಾಮಗ್ರಿ ಎಲ್ಲಿಂದ ಬಂತು, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ, ನಡುವೆ ಕೈಯಾಡಿಸಿದವರಿಗೆ ಏನು ಸಿಕ್ಕಿತು. ಚಿತ್ರದಲ್ಲಿ ಮರ ಬಿಡಿಸಿದ್ದರಿಂದ ಕೆಲಸ ಹಸಿರಾಗುವುದಿಲ್ಲ. ಅರಣ್ಯ ಉಳಿಸಿ ಎಂದು ಬರೆದ ಫ್ಲೆಕ್ಸ್ ಕೂಡ ಪಿವಿಸಿ ಪ್ಲಾಸ್ಟಿಕ್ಕೇ.

ಈ ಪ್ರಶ್ನೆಗಳನ್ನು ಚೊಗರಿಗೇ ಹಾಕಿ ನೋಡಬಹುದು. ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಹತ್ತಿಯ ನೂಲನ್ನು ಹಿಡಿದುಕೊಳ್ಳುತ್ತದೆ. ಪಟಿಕದ ನೀರಿನಲ್ಲಿ ಅದ್ದಿದ ಬಟ್ಟೆಗೆ ಅದು ಕೆಂಪು ಬೆರೆತ ಕಂದು ಬಣ್ಣ ಕೊಡುತ್ತದೆ. ಅದೇ ಬಟ್ಟೆಗೆ ಕಬ್ಬಿಣದ ಅಂಶ ತಗುಲಿದರೆ ಬಣ್ಣ ಬೂದಿಗೆ, ಕಪ್ಪಿಗೆ ತಿರುಗುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಕೆಲವು ವಾರ ಕೊಳೆಯಿಟ್ಟು, ಆ ನೀರನ್ನು ಚೊಗರಿನಲ್ಲಿ ಅದ್ದಿದ ಬಟ್ಟೆಯ ಮೇಲೆ ಕಡ್ಡಿಯಿಂದ ಎಳೆದಾಗ, ಗೆರೆ ಹೋದಲ್ಲೆಲ್ಲ ಕಂದು ಬಟ್ಟೆ ನಮ್ಮ ಕಣ್ಣೆದುರೇ ಕಪ್ಪಾಗುವುದನ್ನು ಕಾಣಬಹುದು. ಇಷ್ಟು ಕಲಿಯಲು ಪ್ರಯೋಗಾಲಯ ಬೇಡ. ಆದರೆ ಪ್ರತಿ ಸಲ ಎಷ್ಟು ಚೊಗರು, ಎಷ್ಟು ನೀರು, ಎಷ್ಟು ಹೊತ್ತು ಎಂದು ಬರೆದಿಡುವ ಶಿಸ್ತು ಬೇಕೇ ಬೇಕು, ಏಕೆಂದರೆ ಹತ್ತು ಮೀಟರ್ ಬಟ್ಟೆ ಕೇಳಿದ ಗಿರಾಕಿಗೆ ಹತ್ತೂ ಮೀಟರ್ ಒಂದೇ ಬಣ್ಣದಲ್ಲಿ ಕೊಡಬೇಕಾಗುತ್ತದೆ. ಹವ್ಯಾಸವನ್ನು ವೃತ್ತಿಯಿಂದ ಬೇರ್ಪಡಿಸುವುದು ಹಾಗೆ ಬರೆದಿಟ್ಟ ಪುಸ್ತಕವೇ.

ನೈಸರ್ಗಿಕ ಎಂಬ ಮಾತಿನ ಹಿಂದೆ ಹೋಗುವಾಗ ಇನ್ನೂ ಕೆಲವು ಲೆಕ್ಕಗಳಿವೆ. ಬಣ್ಣ ಕುದಿಸಲು ಕಟ್ಟಿಗೆ ಬೇಕು, ಅದು ಯಾವ ಬೆಟ್ಟದಿಂದ ಬಂತು? ತಾಮ್ರದಂತಹ ಲೋಹದ ಲವಣ ಬಳಸಿದರೆ ಉಳಿದ ನೀರನ್ನು ತೋಟದ ಕಾಲುವೆಗೆ ಬಿಡಲಾದೀತೇ? ಪಟಿಕ ಮತ್ತು ಕಬ್ಬಿಣಕ್ಕೆ ಸೀಮಿತವಾಗಿದ್ದು, ಅದರಲ್ಲೂ ಅಳತೆ ಮೀರದೆ ಕೆಲಸ ಮಾಡುವವರು ಈ ಪ್ರಶ್ನೆಗೆ ನೆಮ್ಮದಿಯಿಂದ ಉತ್ತರಿಸಬಲ್ಲರು.

ಸ್ಥಳೀಯ ಸಾಮಗ್ರಿಯೆಂದೊಡನೆ ನಮ್ಮ ಕಡೆ ಮೊದಲು ನೆನಪಾಗುವುದು ಅಡಿಕೆ ಹಾಳೆಯ ತಟ್ಟೆ. ಅದು ನಿಜಕ್ಕೂ ಒಳ್ಳೆಯ ಉದ್ಯಮ, ಆದರೆ ಅಲ್ಲಿ ಕಲಾವಿದರಿಗಿಂತ ಯಂತ್ರದ ಕೆಲಸವೇ ಹೆಚ್ಚು. ಜೊತೆಗೆ, ಅಡಿಕೆಯಲ್ಲಿರುವ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ನೀಡಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಈ ತಟ್ಟೆಗಳ ಆಮದಿಗೆ ತಡೆಯೊಡ್ಡಿದ್ದು, ಒಂದೇ ವಸ್ತು ಮತ್ತು ಒಂದೇ ಮಾರುಕಟ್ಟೆಯನ್ನು ನಂಬಿದವರಿಗೆ ದೊಡ್ಡ ಪೆಟ್ಟು. ಅದೇ ಹಾಳೆ ದೀಪದ ಹೊದಿಕೆಯಾಗಬಹುದು, ಪುಸ್ತಕದ ರಟ್ಟಾಗಬಹುದು, ಉಡುಗೊರೆಯ ಪೆಟ್ಟಿಗೆಯಾಗಬಹುದು. ಊಟದ ತಟ್ಟೆಯಾಚೆ ಅದನ್ನು ಕಾಣುವ ಕಣ್ಣು ವಿನ್ಯಾಸ ಬಲ್ಲವರದು.

ನನ್ನ ದೃಷ್ಟಿಯಲ್ಲಿ ಇವತ್ತು ಹೆಚ್ಚು ಅವಕಾಶವಿರುವುದು ಮದುವೆ ಮತ್ತು ಸಮಾರಂಭಗಳ ಅಲಂಕಾರದಲ್ಲಿ. ಕಾರಣ ಕಾನೂನಿನಲ್ಲಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಕ್ಕೊಳಗಾದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ತಟ್ಟೆ, ಲೋಟಗಳ ಜೊತೆಗೆ ಅಲಂಕಾರಕ್ಕೆ ಬಳಸುವ ಥರ್ಮೊಕೋಲ್ ಮತ್ತು 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗಳೂ ಇವೆ. ಮಂಟಪದ ಹಿಂದೆ ಥರ್ಮೊಕೋಲ್ ಕೊರೆದು ನಿಲ್ಲಿಸುತ್ತಿದ್ದ ಕೆಲಸಕ್ಕೆ ಬದಲಿ ಬೇಕಾಗಿದೆ. ಆ ಬದಲಿ ನಮ್ಮಲ್ಲಿ ಮೊದಲೇ ಇತ್ತು. ಕೆತ್ತನೆಯ ಕುಲಕಸುಬಿನ ಗುಡಿಗಾರರು ಬಾಸಿಂಗ, ದಂಡೆಗಳನ್ನು ಮಾಡುತ್ತ ಬಂದಿರುವುದು ಬೆಂಡಿನಿಂದ. ಕೆರೆ, ಜವುಗಿನಲ್ಲಿ ಬೆಳೆಯುವ ಗಿಡದ ಮೆತ್ತನೆಯ ಕಾಂಡ ಅದು. ಚೂಪಾದ ಕತ್ತಿಯಿಂದ ಸುರುಳಿ ಬಿಚ್ಚಿದಂತೆ ತೆಳ್ಳಗೆ ಎರೆದರೆ ಬಿಳಿಯ ಕಾಗದದಂತಹ ಪಟ್ಟಿ ಬರುತ್ತದೆ. ಅದನ್ನು ಮಡಚಿ, ಕತ್ತರಿಸಿ, ಕಟ್ಟಿದಾಗ ಹೂವಾಗುತ್ತದೆ. ಕೆಲಸ ಮುಗಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಬಹುದು.

ಬೆಂಡಿನ ಜೊತೆಗೆ ಅಡಿಕೆಯ ಹೂಗೊನೆಯಾದ ಸಿಂಗಾರ, ಬಾಳೆದಿಂಡು, ತೆಂಗಿನ ಗರಿ, ಒಣಗಿದ ಹಾಳೆ ಇವೆಲ್ಲ ಇರುವಾಗ, ಹೂ ಚುಚ್ಚಲು ಬಳಸುವ ಹಸಿರು ಸ್ಪಂಜಿನ ಇಟ್ಟಿಗೆಯ ಅಗತ್ಯವೂ ಇಲ್ಲ. ನೋಡಲು ಪಾಚಿಯಂತಿದ್ದರೂ ಅದು ಮಣ್ಣಿನಲ್ಲಿ ಕರಗದ ಪ್ಲಾಸ್ಟಿಕ್. ಈ ವೃತ್ತಿಯನ್ನು ಆರಿಸಿಕೊಳ್ಳುವವರು ಅಲಂಕಾರದ ಮಾದರಿಗಳ ಜೊತೆಗೆ ಸಮಾರಂಭದ ಮಾರನೆಯ ದಿನದ ಕೆಲಸವನ್ನೂ ತಮ್ಮ ದರಪಟ್ಟಿಯಲ್ಲಿ ಸೇರಿಸಬೇಕು: ಏನು ಗೊಬ್ಬರಕ್ಕೆ ಹೋಗುತ್ತದೆ, ಏನು ಮುಂದಿನ ಮದುವೆಗೆ ಬರುತ್ತದೆ, ಯಾವುದು ಬಾಡಿಗೆಯ ವಸ್ತು. ಗಣಪತಿಯ ಮೂರ್ತಿಯ ವಿಷಯವೂ ಇದೇ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಮಾರ್ಗಸೂಚಿಯನ್ನು ಪರಿಷ್ಕರಿಸಿತು; ನಮ್ಮ ಕರಾವಳಿಯಲ್ಲಿ ಜೇಡಿಮಣ್ಣಿನ ಮೂರ್ತಿಯ ಕೈ ಇನ್ನೂ ಮರೆತಿಲ್ಲ.

ಮರದ ಕೆತ್ತನೆಯ ಬಗ್ಗೆ ಹೇಳುವಾಗ ಎಚ್ಚರ ಬೇಕು. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರದ ಗುಡಿಗಾರರ ಶ್ರೀಗಂಧದ ಕೆತ್ತನೆ ಹೆಸರಾಂತದ್ದು, ಆದರೆ ಗಂಧದ ಮರ ತನ್ನ ನೆಲೆಯಲ್ಲೇ ಅಪಾಯದಂಚಿಗೆ ಬಂದಿದೆ. 2001ರ ತಿದ್ದುಪಡಿಯ ನಂತರ ರಾಜ್ಯದಲ್ಲಿ ತಮ್ಮ ಜಮೀನಿನಲ್ಲಿ ಬೆಳೆದ ಗಂಧಕ್ಕೆ ಬೆಳೆಗಾರರೇ ಒಡೆಯರು. ಆದರೂ ಒಳತಿರುಳು ಕೂಡಲು ಹಲವು ವರ್ಷ ಕಾಯಬೇಕು. ಕೆತ್ತನೆ ಕಲಿಯುವವರು ಶಿವನೆಯಂತಹ ಮರಗಳಲ್ಲಿ, ಹಳೆಯ ಮನೆ ಕೆಡವಿದಾಗ ಸಿಗುವ ತೊಲೆ, ಬಾಗಿಲುಗಳಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಬಿದಿರಿನ ದಾರಿ ಇನ್ನೂ ಸುಲಭ: 2017ರ ಕಾನೂನು ತಿದ್ದುಪಡಿಯಿಂದಾಗಿ ಅರಣ್ಯದ ಹೊರಗೆ ಬೆಳೆದ ಬಿದಿರು ‘ಮರ’ದ ವ್ಯಾಖ್ಯೆಯಿಂದ ಹೊರಬಂದಿದೆ. ಕಾಡಿನ ಬೆತ್ತಕ್ಕೆ ಈ ಸಡಿಲಿಕೆ ಇಲ್ಲವೆಂಬುದನ್ನು ನೆನಪಿಡಬೇಕು.

ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಯನ್ನು ಹತ್ತಿರದಿಂದ ನೋಡಿದವರಿಗೆ ಮರುಬಳಕೆಯೆಂಬ ಮಾತಿಗೆ ಬೇರೆ ಉದಾಹರಣೆ ಬೇಡ. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಹಾಸುಬಟ್ಟೆಯ ಮೇಲಿಟ್ಟು ಅಂಚಿನಿಂದ ಹೊಲಿಯಲು ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫೂಲ’ ಕೂರಿಸದೆ ಕೌದಿ ಪೂರ್ತಿಯಾಗುವುದಿಲ್ಲ. ಈಗ ಬೆಲೆಯ ಮಾತಿಗೆ ಬರೋಣ. ಒಂದು ಕೌದಿಗೆ 20 ದಿನ ಹಿಡಿಯಿತೆಂದೂ ದಿನದ ದುಡಿಮೆಗೆ 500 ರೂಪಾಯಿ ಎಂದೂ ಇಟ್ಟುಕೊಂಡರೆ ಹೊಲಿಗೆಯ ಕೂಲಿಯೇ 10,000 ರೂಪಾಯಿ ಆಗುತ್ತದೆ. ನೂಲು, ಸಾಗಾಟ, ಮಾರಾಟದ ಖರ್ಚು ಬೇರೆ. ಅದನ್ನು 3,000 ರೂಪಾಯಿಗೆ ಚೌಕಾಸಿ ಮಾಡಿ ಕೊಳ್ಳುವವರು ಪರಿಸರಕ್ಕೆ ಉಪಕಾರ ಮಾಡಿದೆವೆಂದು ತಿಳಿದರೆ ಆ ಉಪಕಾರದ ಬೆಲೆ ತೆತ್ತವಳು ಹೊಲಿದವಳೇ. ಪೇಟೆಯ ವಿನ್ಯಾಸಕಾರರು ಈ ಕೌದಿಯ ಮಾದರಿಯನ್ನು ನಕಲು ಮಾಡಿ ಯಂತ್ರದಲ್ಲಿ ಹೊಲಿಸುವುದನ್ನು ನಾನು ಒಪ್ಪುವುದಿಲ್ಲ. ಸಿದ್ದಾಪುರ, ಸಾಗರ ಕಡೆಯ ದೀವರ ಸಮುದಾಯದವರು ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರಕ್ಕೂ ಇದೇ ಮಾತು ಸಲ್ಲುತ್ತದೆ. ಪುಂಡಿ ನಾರಿನ ಕುಂಚ, ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದು ಸೀಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇವೆಲ್ಲ ಆ ಮನೆಗಳ ಹೆಣ್ಣುಮಕ್ಕಳ ಅರಿವು. ಹೊರಗಿನಿಂದ ಬಂದ ಕಲಾವಿದರಿಗೆ ಅಲ್ಲಿರುವ ಕೆಲಸವೆಂದರೆ ದಾಖಲಾತಿ, ಬೆಲೆ ಕಟ್ಟುವಲ್ಲಿ ನೆರವು, ಕೊಳ್ಳುವವರನ್ನು ಮಾಡಿದವರ ಬಳಿಗೇ ಕರೆದೊಯ್ಯುವುದು.

ವಸ್ತು ಮಾಡುವುದಕ್ಕಿಂತ ಕಂಡದ್ದನ್ನು ತಿಳಿಯುವಂತೆ ತೋರಿಸುವುದರಲ್ಲಿ ಆಸಕ್ತಿಯಿರುವವರಿಗೆ ಕರಾವಳಿಯಲ್ಲಿ ಬೇರೆಯೇ ಕೆಲಸ ಕಾದಿದೆ. ಅಘನಾಶಿನಿ ನದಿ ಕಡಲು ಸೇರುವ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಹೊನ್ನಾವರದ ಕಾಸರಕೋಡ ಕಡಲತೀರಕ್ಕೆ 2020ರಲ್ಲಿ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಹೊನ್ನಾವರದ ಬಳಿ ಶರಾವತಿಯ ಹಿನ್ನೀರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ನಡೆದಾಡುವ ಹಲಗೆಯ ದಾರಿ ಇದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳು, ಅಂದರೆ ರಾಮಪತ್ರೆ ಮರಗಳ ಜೌಗು ಕಾಡುಗಳಿವೆ, ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಮಂಗಟ್ಟೆ ಹಕ್ಕಿಗಳಿವೆ. ಇಂತಹ ಸ್ಥಳಗಳಿಗೆ ಫಲಕ, ನಕ್ಷೆ, ಶಾಲಾ ಮಕ್ಕಳ ಕೈಪಿಡಿ, ಕಿರುಚಿತ್ರ ಎಲ್ಲವೂ ಬೇಕು, ಮತ್ತು ಅವು ಕನ್ನಡದಲ್ಲಿ, ಸ್ಥಳೀಯ ಹೆಸರುಗಳೊಂದಿಗೆ ಬೇಕು.

ಈ ಕೆಲಸದ ಮೊದಲ ಪಾಠವನ್ನು ನಾನು ಕಲಿತದ್ದು ತಪ್ಪು ಮಾಡಿ. ಅಳಿವೆಯ ದಡದ ಫಲಕವೊಂದಕ್ಕೆ ಕಾಂಡ್ಲಾ ಗಿಡದ ಚಿತ್ರ ಬರೆದುಕೊಡಲು ಒಪ್ಪಿ, ಅಂತರ್ಜಾಲದ ಚಿತ್ರಗಳನ್ನು ನೋಡಿ ಬರೆದಿದ್ದೆ. ಕರಡನ್ನು ದಡದಲ್ಲಿ ಹರಡಿಟ್ಟಾಗ, ಇಳಿತದ ಹೊತ್ತಿಗೆ ಬೆಳಚು (ತಿನ್ನುವ ಚಿಪ್ಪು) ಹೆಕ್ಕಲು ಬಂದಿದ್ದ ಹಿರಿಯ ಹೆಂಗಸೊಬ್ಬರು ಬುಟ್ಟಿ ಕೆಳಗಿಟ್ಟು ನೋಡಿ, “ತಮಾ, ಈ ಬೇರು ಈ ಮರದ್ದಲ್ಲ” ಎಂದರು. ಕಾಂಡದಿಂದ ಕಮಾನಿನಂತೆ ಇಳಿದು ಕೆಸರಿನಲ್ಲಿ ಊರುಗೋಲಾಗಿ ನಿಲ್ಲುವ ಬೇರು ಒಂದು ಜಾತಿಯದು. ಕೆಸರಿನೊಳಗಿಂದ ಪೆನ್ಸಿಲ್ ಚುಚ್ಚಿಟ್ಟಂತೆ ಮೇಲೆದ್ದು ಉಸಿರಾಡುವ ಬೇರು ಇನ್ನೊಂದು ಜಾತಿಯದು. ಒಂದರ ಎಲೆಗೆ ಇನ್ನೊಂದರ ಬೇರು ಜೋಡಿಸಿದ್ದೆ. ಆಮೇಲೆ ನಾಲ್ಕು ಇಳಿತಗಳ ಹೊತ್ತು ಕೆಸರಿನಲ್ಲಿ ನಿಂತು ಮತ್ತೆ ಬರೆದೆ. ವೈಜ್ಞಾನಿಕ ಚಿತ್ರಕಲೆಯೆಂದರೆ ಅದೇ: ಚೆಂದ ಕಾಣಿಸುವುದಕ್ಕಿಂತ ಮೊದಲು ಗುರುತು ಹಿಡಿಯಲು ಬರಬೇಕು. ಆ ಫಲಕವನ್ನು ಫ್ಲೆಕ್ಸ್‌ನಲ್ಲಿ ಮುದ್ರಿಸಲಾಯಿತು. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಜಾಗದಲ್ಲಿ ಎರಡು ಮಳೆಗಾಲಕ್ಕೆ ಅದು ಹರಿದು, ತುಂಡುಗಳು ನಾವು ವರ್ಣಿಸಿದ್ದ ಕೆಸರಿಗೇ ಸೇರಿದವು. ಅಂದಿನಿಂದ ಫಲಕದ ಕೆಲಸ ಒಪ್ಪುವಾಗ ಚಿರೆಕಲ್ಲು, ಸುಟ್ಟ ಮಣ್ಣಿನ ಬಿಲ್ಲೆ, ಹಳೆಯ ಗಟ್ಟಿಮರ ಇವುಗಳಲ್ಲಿ ಒಂದನ್ನು ಬಳಸಬೇಕೆಂದು ಮೊದಲೇ ಕೇಳುತ್ತೇನೆ.

ಹೊನ್ನಾವರದಲ್ಲಿ ಹುಟ್ಟಿದ ವಿಜ್ಞಾನಿ, ಛಾಯಾಗ್ರಾಹಕ, ಲೇಖಕ ಕೃಷ್ಣಾನಂದ ಕಾಮತ್ (1934–2002) ಅವರ ಬದುಕು ಕಲೆಯೂ ವಿಜ್ಞಾನವೂ ಜೊತೆಗೂಡಬೇಕೆಂಬ ಮಾತಿಗೆ ಒಳ್ಳೆಯ ನಿದರ್ಶನ. ವಿಜ್ಞಾನದ ಕಣ್ಣು, ಕ್ಯಾಮೆರಾ ಮತ್ತು ಕನ್ನಡದ ಬರಹ ಒಬ್ಬರಲ್ಲೇ ಕೂಡಿದ್ದವು. ಶಿರಸಿಯ ಅರಣ್ಯ ಮಹಾವಿದ್ಯಾಲಯ, ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ನಮ್ಮ ಜಿಲ್ಲೆಯಲ್ಲೇ ಇವೆ. ಅಲ್ಲಿಯ ಸಂಶೋಧಕರಿಗೆ ಚಿತ್ರಕಾರರು ಬೇಕು, ಚಿತ್ರಕಾರರಿಗೆ ತಪ್ಪು ತಿದ್ದುವವರು ಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲೆಗಳನ್ನು ಸಿದ್ಧಪಡಿಸಬೇಕು. ಅದು ತಿಂಗಳ ಸಂಬಳದ ಹುದ್ದೆಯಲ್ಲ, ಆದರೆ ಊರಿನ ಗಿಡ, ಮೀನು, ಹಕ್ಕಿಗಳನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ನನಗೆ ತಿಳಿದಿಲ್ಲ.

ಬರಹ ಮತ್ತು ಹೊದಿಕೆಯ (ಪ್ಯಾಕೇಜಿಂಗ್) ವಿನ್ಯಾಸದ ಕೆಲಸವನ್ನು ಒಂದು ಉದಾಹರಣೆಯಿಂದ ಹೇಳಬಹುದು. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತದ ಅಕ್ಕಿಯನ್ನು ಮಾರಬೇಕಾಗಿದೆ ಎಂದುಕೊಳ್ಳಿ. ಕಾಗದದ ಚೀಲ ಚೆಂದ; ಆದರೆ ಆಷಾಢದ ತೇವಕ್ಕೆ ಅಕ್ಕಿ ಮುಗ್ಗುತ್ತದೆ. ಒಳಗೆ ಪ್ಲಾಸ್ಟಿಕ್ ಅಂಟಿಸಿದ ಕಾಗದವಾದರೆ ಅದು ಕಾಗದದ ಗುಜರಿಗೂ ಸಲ್ಲದು, ಪ್ಲಾಸ್ಟಿಕ್ಕಿನ ಗುಜರಿಗೂ ಸಲ್ಲದು. ಇಲ್ಲಿ ನಾನು ಬಟ್ಟೆಯ ಚೀಲದಲ್ಲಿ, ಮಳೆಗಾಲಕ್ಕೆ ಮುಂಚೆ, ಊರಿನ ಸುತ್ತಮುತ್ತಲೇ ಮಾರುವ ಯೋಜನೆಯ ಪರವಾಗಿದ್ದೇನೆ. ದೂರದ ನಗರಕ್ಕೆ ಕಳಿಸಲೇಬೇಕಾದರೆ ಒಂದೇ ಬಗೆಯ, ಮರುಬಳಕೆಗೆ ಹೋಗಬಲ್ಲ ಪ್ಲಾಸ್ಟಿಕ್ ಬಳಸಿ ಅದನ್ನು ಚೀಲದ ಮೇಲೆ ಬರೆಯುವುದು ಹೆಚ್ಚು ಪ್ರಾಮಾಣಿಕ. ಚೀಲದ ಮೇಲೆ ‘ಪರಿಸರಸ್ನೇಹಿ’ ಎಂದು ಬರೆಯುವ ಮುನ್ನವೂ ಯೋಚಿಸಬೇಕು. ಆಧಾರವಿಲ್ಲದ ಇಂತಹ ಘೋಷಣೆಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ದೊಡ್ಡ ಕಂಪನಿಗಳ ಮಟ್ಟದಲ್ಲೂ ಇದೇ ಕೆಲಸವಿದೆ: ಷೇರುಪೇಟೆಯ ಅಗ್ರ 1,000 ಕಂಪನಿಗಳು ತಮ್ಮ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ಸಲ್ಲಿಸುವುದು 2022–23ರಿಂದ ಕಡ್ಡಾಯವಾಗಿದ್ದು, ಅಂಕಿಅಂಶಗಳನ್ನು ತಿಳಿಯಾದ ನಕ್ಷೆ, ಬರಹವಾಗಿಸಬಲ್ಲವರಿಗೆ ಮನೆಯಿಂದಲೇ ಮಾಡಬಹುದಾದ ದುಡಿಮೆ ಅಲ್ಲಿದೆ.

ಮೊದಲ ವರ್ಷಗಳಲ್ಲಿ ಇವುಗಳಲ್ಲಿ ಒಂದೇ ಕೆಲಸವನ್ನು ನಂಬಿ ಬದುಕುವುದು ಕಷ್ಟ ಎಂದು ನೇರವಾಗಿ ಹೇಳುವುದು ನನ್ನ ಕರ್ತವ್ಯ. ನನಗೆ ತಿಳಿದಂತೆ ನೆಲೆ ನಿಂತವರು ಎರಡು ಮೂರು ಕೆಲಸಗಳನ್ನು ಜೊತೆಯಾಗಿ ಹಿಡಿದವರೇ. ಮುದ್ರಣಾಲಯದಲ್ಲಿ ಅರ್ಧ ದಿನದ ಕೆಲಸ, ಶನಿವಾರ ಶಾಲೆಯಲ್ಲಿ ಚಿತ್ರದ ಪಾಠ, ಉಳಿದ ಹೊತ್ತಿನಲ್ಲಿ ಬಣ್ಣದ ಹಂಡೆ. ಕೆತ್ತನೆ, ಬುಟ್ಟಿ, ಗೊಂಬೆ, ಕುಂಬಾರಿಕೆ, ಹೊಲಿಗೆಯಂತಹ 18 ಕಸುಬುಗಳಿಗೆ 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿ, ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವು, ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿಯವರೆಗೆ ಶೇಕಡಾ 5ರ ಬಡ್ಡಿಯ ಸಾಲ ಇವೆ. ಸಾಲಕ್ಕೆ ಕೈಹಾಕುವ ಮುನ್ನ ಒಂದು ವರ್ಷದ ಲೆಕ್ಕದ ಪುಸ್ತಕ ಕೈಯಲ್ಲಿರಲಿ.

ಈ ಕೆಲಸಗಳಿಗೆ ಋತುವಿನ ಹಿಡಿತವಿದೆ ಎಂಬುದನ್ನು ಹೊಸಬರು ಮೊದಲೇ ತಿಳಿದಿರಬೇಕು. ಚೊಗರು ಸಿಗುವುದು ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ. ಮದುವೆಯ ಅಲಂಕಾರದ ಒತ್ತಡ ಬೇಸಿಗೆಯಲ್ಲಿ. ಗಣಪತಿಯ ಮಣ್ಣು ಮಳೆಗಾಲದ ನಡುವೆ. ನಾನೀಗ ಕಲಿಯುತ್ತಿರುವ ಕಾವಿ ಕಲೆಯಂತೂ ಮಳೆ ಪೂರ್ತಿ ಹೊರಟ ಮೇಲೆಯೇ. ಕೊಂಕಣ ಕರಾವಳಿಯ ದೇವಸ್ಥಾನಗಳ ಗೋಡೆಗಳಲ್ಲಿ ಕಾಣುವ, ಕಾಮತರು ಶ್ರದ್ಧೆಯಿಂದ ದಾಖಲಿಸಿದ ಈ ಕೆಂಪು ಬಿಳಿಯ ಚಿತ್ರಗಳು ಹಲವೆಡೆ ಟೈಲ್ಸ್ ಮತ್ತು ಎನಾಮೆಲ್ ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿವೆ. ಜಗತ್ತಿನಲ್ಲಿ ಮನುಷ್ಯರ ಚಟುವಟಿಕೆಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇಕಡಾ 8ರಷ್ಟು ಸಿಮೆಂಟ್ ತಯಾರಿಕೆಯಿಂದ ಬರುತ್ತದೆ; ಸುಣ್ಣದ ಗಾರೆಯಾದರೋ ಗಟ್ಟಿಯಾಗುವಾಗ ಗಾಳಿಯಲ್ಲಿರುವ ಅದೇ ಅನಿಲದ ಒಂದಷ್ಟನ್ನು ಮರಳಿ ಹೀರಿಕೊಳ್ಳುತ್ತದೆ. ಹಳೆಯ ಗೋಡೆಗಳನ್ನು ಸುಣ್ಣದಲ್ಲೇ ದುರಸ್ತಿ ಮಾಡಬಲ್ಲ ಕೈಗಳು ಇಂದು ಬಹಳ ಕಡಿಮೆ, ಹಾಗಾಗಿ ಅಂತಹ ಕೈಗಳಿಗೆ ಬೇಡಿಕೆಯಿದೆ. ಚಿಪ್ಪಿನ ಸುಣ್ಣಕ್ಕೆ ತೊಳೆದ ಹೊಳೆ ಮರಳು, ಬೆಲ್ಲದ ನೀರು ಸೇರಿಸಿ ದಿನಗಟ್ಟಲೆ ಕಳಿಯಿಟ್ಟು, ಕುಟ್ಟಿ, ಗೋಡೆಗೆ ಬಿಳಿಯ ಗಾರೆ ಹಚ್ಚಬೇಕು. ಅದರ ಮೇಲೆ ಕೆಮ್ಮಣ್ಣಿನ ಬಣ್ಣ ಬೆರೆತ ಸುಣ್ಣದ ತೆಳು ಪದರ. ಅದು ಒಣಗುವ ಮೊದಲೇ ಲೋಹದ ಮೊನೆಯಿಂದ ಕೆಂಪನ್ನು ಕೆರೆದು ಕೆಳಗಿನ ಬಿಳಿಯನ್ನು ಹೊರಗೆ ತರಬೇಕು. ಬೆಳಿಗ್ಗೆ ಹಚ್ಚಿದ್ದನ್ನು ಬಿಸಿಲೇರುವುದರೊಳಗೆ ಕೆರೆದು ಮುಗಿಸಬೇಕಾದ್ದರಿಂದ, ಆ ದಿನ ಎಷ್ಟು ಬರೆಯಬಲ್ಲೆವೋ ಅಷ್ಟಗಲದ ಗೋಡೆಗೆ ಮಾತ್ರ ಕೆಂಪು ಹಚ್ಚುತ್ತೇವೆ. ಕಲಿಯಲು ತೊಡಗಿದವರಿಗೆ ಅದು ಒಂದು ಗೇಣಿಗಿಂತ ಹೆಚ್ಚಿರುವುದಿಲ್ಲ.